ಪೆಟ್ರೋಲ್ ಬಂಕಿನ ದೃಶ್ಯ

ಅಮೆರಿಕದಿಂದ ಬಂದ ಹಸ್ತಪ್ರತಿಯಲ್ಲಿ ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಹಿಮ ಬೀಳುತ್ತಿತ್ತು. ಅಲ್ಲಿನ ಯಾವುದೋ ಕನ್ನಡ ಕೂಟದವರು ಆಡಿದ್ದ ನಾಟಕ ಅದು. ವಲಸೆ ಬಂದ ಕುಟುಂಬವೊಂದು ಕಷ್ಟಪಟ್ಟು, ಮನೆ ಕೊಂಡು, ಮಗಳಿಗೆ ಭರತನಾಟ್ಯ ಕಲಿಸಿ, ಕೊನೆಗೆ ಹಿಮದಲ್ಲಿ ನಿಂತು ಕನ್ನಡಮ್ಮನಿಗೆ ಕೈಮುಗಿಯುವ ಕಥೆ. ಮೆಲ್ಬರ್ನಿನ ನಮ್ಮ ಸಂಘದ ಅಧ್ಯಕ್ಷರು ಅದನ್ನು ನನ್ನ ಕೈಗಿಟ್ಟು, "ಸ್ನೋ ಇರೋ ಕಡೆಯೆಲ್ಲ ಬಿಸಿಲು ಅಂತ ಮಾಡ್ಬಿಡಿ ಮೇಡಂ. ಡಾಲರ್ ಹೇಗೂ ಡಾಲರ್ರೇ," ಎಂದರು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಅಡುಗೆ ಕಲಿಯುತ್ತೇವೆ, ಕೂದಲು ಕತ್ತರಿಸುವುದನ್ನು ಕಲಿಯುತ್ತೇವೆ ಎಂದು ಕರ್ನಾಟಕದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದಿಳಿಯುತ್ತಿದ್ದ ಕಾಲ. ಆ ಸಲದ ರಾಜ್ಯೋತ್ಸವಕ್ಕೆ ಮೆಲ್ಬರ್ನ್ ಮತ್ತು ಸಿಡ್ನಿಯ ಸಂಘಗಳೆರಡೂ ಸೇರಿ ಒಂದೇ ನಾಟಕ ಆಡಿಸುವುದೆಂದು ತೀರ್ಮಾನವಾಗಿತ್ತು. ಮೊದಲು ಮೆಲ್ಬರ್ನಿನಲ್ಲಿ, ಆಮೇಲೆ ಸಿಡ್ನಿಯಲ್ಲಿ. ವಾರದ ದಿನಗಳಲ್ಲಿ ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಮೈಸೂರಿನ ಹವ್ಯಾಸಿ ತಂಡಗಳಲ್ಲಿ ನಾಟಕ ಆಡಿಸಿದ್ದೆನಾದ್ದರಿಂದ ಸಂಘದವರಿಗೆ ನಾನೇ ಡೈರೆಕ್ಟರು.

ಅಧ್ಯಕ್ಷರು ಹೇಳಿದಂತೆ ಹಿಮ ತೆಗೆದು ಬಿಸಿಲು ಹಾಕಿದ್ದಾಯಿತು. ಊರಿನ ಹೊರವಲಯದ ಕ್ರಾನ್‌ಬರ್ನಿನಲ್ಲಿ ಒಬ್ಬರು ತಮ್ಮ ಗ್ಯಾರೇಜಿನಿಂದ ಎರಡೂ ಕಾರುಗಳನ್ನು ಹೊರಗೆ ನಿಲ್ಲಿಸಿ ರಿಹರ್ಸಲ್‌ಗೆ ಜಾಗ ಮಾಡಿಕೊಟ್ಟಿದ್ದರು. ನೆಲದ ಮೇಲೆ ಟೇಪು ಅಂಟಿಸಿ ವೇದಿಕೆಯ ಅಳತೆ ಗುರುತು ಮಾಡಿದೆ. ಮೊದಲ ದಿನವೇ ಮಗಳ ಪಾತ್ರದ ಹುಡುಗಿ, "ಅಮ್ಮಾ, ಹೊರಗೆ ಎಷ್ಟೊಂದು ಬಿಸಿಲು ಬಿದ್ದಿದೆ, ನಾನು ಹೋಗಿ ಬಿಸಿಲಿನ ಗೊಂಬೆ ಮಾಡ್ತೀನಿ," ಎಂದು ಓದಿದಳು. ಯಾರಿಗೂ ಏನೂ ಅನ್ನಿಸಲಿಲ್ಲ. ತಾಯಿಯ ಪಾತ್ರದವರು, "ಕೈಗೆ ಗ್ಲೌಸ್ ಹಾಕ್ಕೊಂಡು ಹೋಗಮ್ಮ," ಎಂದು ಮುಂದಿನ ಮಾತನ್ನೂ ಓದಿದರು. ನನಗೆ ತಲೆ ಚಿಟ್ಟು ಹಿಡಿಯಿತು. ಈ ಊರಿನ ನಾಟಕವನ್ನು ಈ ಊರಿನವರ ಬಾಯಿಂದಲೇ ಕೇಳಿ ಬರೆಯುತ್ತೇನೆ ಎಂದು ಹಟ ಹಿಡಿದೆ.

"ಬರೀರಿ, ಬರೀರಿ," ಎಂದರು ಅಧ್ಯಕ್ಷರು. "ಒಂದೇ ಮಾತು. ಅಮೆರಿಕದವರಿಗೆ ಅಮೆರಿಕನ್ ಡ್ರೀಮ್ ಅಂತ ಒಂದಿದೆ. ನಮ್ಮದೂ ಹಾಗೇ ಒಂದು ಡ್ರೀಮ್ ಇರಬೇಕು. ಜನ ಎದ್ದು ಹೋಗುವಾಗ ಖುಷಿಯಾಗಿ ಹೋಗಬೇಕು."

ಶನಿವಾರ ಭಾನುವಾರ ಮನೆಮನೆ ತಿರುಗಿದೆ. ಎಲ್ಲ ಮನೆಯಲ್ಲೂ ಉಪ್ಪಿಟ್ಟು, ಕಾಫಿ, ಒಂದೇ ಕಥೆ. ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರು ಹಿಡಿದುಕೊಂಡು ಬಂದದ್ದು, ಮೊದಲ ಚಳಿ, ಮೊದಲ ಕಾರು, ಮಾರ್ಟ್‌ಗೇಜ್, ಈಗ ದೇವರ ದಯೆಯಿಂದ ಎಲ್ಲ ಚೆನ್ನಾಗಿದೆ. ನೋವಾದದ್ದು ಏನಾದರೂ ಇದ್ದರೆ ಹೇಳಿ ಎಂದು ಸಂಘದ ಹಿರಿಯ ಸದಸ್ಯರಾದ ಒಬ್ಬ ಡಾಕ್ಟರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನಾವು ಬಂದ ಹೊಸದರಲ್ಲಿ ಕೊತ್ತಂಬರಿ ಸೊಪ್ಪು ಸಿಕ್ತಿರಲಿಲ್ಲ," ಎಂದರು. ತಮಾಷೆಗೆ ಹೇಳಿದ್ದಲ್ಲ. ಈ ಡಾಕ್ಟರು ಸಂಘದ ಖಾಯಂ ನಾಯಕನಟರು. ಸಂಘದಲ್ಲಿ ಪಾತ್ರ ಹಂಚುವುದು ಕಮಿಟಿಯ ಕೆಲಸ, ಡೈರೆಕ್ಟರದಲ್ಲ. ಅವರು ಯಾವ ಪಾತ್ರ ಕೇಳಿದರೂ ಸಿಗುತ್ತಿತ್ತು.

ನನಗೆ ಬೇಕಾದ ಕಥೆ ಸಿಕ್ಕಿದ್ದು ಲ್ಯಾಬಿನಿಂದ ಮನೆಗೆ ಹೋಗುವ ದಾರಿಯ ಪೆಟ್ರೋಲ್ ಬಂಕಿನಲ್ಲಿ. ಗಲ್ಲಾದ ಹಿಂದೆ ನಿಂತಿದ್ದವನು ನನ್ನ ಮೊಬೈಲಿನ ಮಾತು ಕೇಳಿ, "ಕನ್ನಡದವರೇನ್ರಿ?" ಎಂದ. ವಿಜಾಪುರದ ಸಿಂದಗಿ ಕಡೆಯವನು, ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ. ಅಡುಗೆಯ ಕೋರ್ಸು ಮುಗಿಸಿ ಪಿಆರ್‌ಗೆ, ಅಂದರೆ ಇಲ್ಲೇ ಕಾಯಮ್ಮಾಗಿ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಕಾಯುತ್ತಿದ್ದ. ಅಂಥವರಿಗೆ ಕೊಡುವ ತಾತ್ಕಾಲಿಕ ವೀಸಾದಲ್ಲಿ ಇಲ್ಲಿ ಇರಬಹುದು, ದುಡಿಯಬಹುದು. ಅನುಮತಿಯಿಲ್ಲದೆ ದೇಶ ಬಿಟ್ಟರೆ ವಾಪಸು ಬರುವ ಬಾಗಿಲು ಮುಚ್ಚಿದ ಹಾಗೆ. ನಾಟಕದ ವಿಷಯ ಹೇಳಿ, ನಿನ್ನದೇನಾದರೂ ಕಥೆ ಇದೆಯೇ ಎಂದು ಕೇಳಿದೆ. "ಐತ್ರಿ," ಎಂದ. ಡ್ಯೂಟಿ ಮುಗಿಸಿ ಬಂದು ನನ್ನ ಕಾರಿನ ಪಕ್ಕದಲ್ಲೇ ನಿಂತು ಹೇಳಿದ.

ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರಿಂದ ಅವನನ್ನು ಸಾಕಿದವಳು ಅಕ್ಕ. ಅವನನ್ನು ಬಗಲಲ್ಲಿ ಎತ್ತಿಕೊಂಡೇ ಶಾಲೆಗೆ ಹೋಗಿ, ಅವನು ಅಳುತ್ತಾನೆಂದು ಮೇಷ್ಟ್ರು ಬೈದಾಗ ಶಾಲೆಯನ್ನೇ ಬಿಟ್ಟವಳು. ಹಿಂದಿನ ವರ್ಷ, ಸಾಮಾನ್ಯ ಜ್ವರವೆಂದುಕೊಂಡಿದ್ದು ಆಕೆಯ ಪ್ರಾಣ ತೆಗೆದಿತ್ತು. ಇವನು ಗಲ್ಲಾದಲ್ಲಿದ್ದ, ಮಧ್ಯಾಹ್ನದ ಹೊತ್ತು, ಒಬ್ಬನೇ. ಭಾವನ ಫೋನು ಬಂತು. ಅವರ ಕಡೆ ಅಂತ್ಯಕ್ರಿಯೆಗೆ ಮಣ್ಣು ಎನ್ನುತ್ತಾರೆ. ನೀನು ಬರುವುದಾದರೆ ಮಣ್ಣನ್ನು ನಾಳೆಗೆ ಇಟ್ಟುಕೊಳ್ಳುತ್ತೇವೆ, ಬರ್ತೀಯೋ ಇಲ್ಲವೋ ಹೇಳು ಎಂದು ಭಾವ ಕೇಳುತ್ತಿದ್ದರು. ಫೋನು ಕಿವಿಗಿರುವಾಗಲೇ, ತಾವೇ ಪೆಟ್ರೋಲ್ ಹಾಕಿಕೊಂಡ ಗಿರಾಕಿಗಳು ದುಡ್ಡು ಕೊಡಲು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಅವರನ್ನು ಪಂಪಿನ ನಂಬರ್ ಕೇಳುತ್ತ, ಭಾವನಿಗೆ ವೀಸಾದ ಕಷ್ಟ ಹೇಳುತ್ತ, ಅಕ್ಕನ ಮಣ್ಣಿಗೆ ಬರುವುದಿಲ್ಲ ಎಂಬ ಮಾತನ್ನು ಅವನು ಗಲ್ಲಾದಲ್ಲಿ ನಿಂತೇ ಹೇಳಿದ.

"ನಾಟಕ ಮಾಡ್ರಿ ಅಕ್ಕಾರ," ಎಂದ. ಅವರ ಕಡೆ ಟೀಚರಮ್ಮಂದಿರನ್ನು ಹಾಗೆ ಕರೆಯುತ್ತಾರೆ. "ಅಕಿ ಹೆಸರು ಮಾತ್ರ ಬದಲಿ ಮಾಡಬ್ಯಾಡ್ರಿ. ಕಡೀಕೆ ಅಕಿ ಹೆಸರು ಒಂದ್ಸಲ ಹೇಳ್ಲಿ, ನಮ್ಮ ಮಂದಿ ಒಂದು ನಿಮಿಷ ಸುಮ್ನ ಕುಂದರ್ಲಿ. ಸಾಕು. ನಾ ಅಂತೂ ಮಣ್ಣಿಗಿ ಹೋಗಲಿಲ್ಲ, ಇಲ್ಲೇ ಒಂದೀಟು ಆದಂಗ ಆಕ್ಕೈತಿ. ಡಿವಿಡಿ ಮಾಡ್ತಾರಲ್ರಿ, ಅದನ್ನ ನಮ್ಮ ಭಾವಗ ಕಳಸ್ತೀನಿ. ಬರಲಿಲ್ಲಂತ ಭಾಳ ಸಿಟ್ಟಾಗ್ಯಾರ ಅವ್ರು."

ಅಲ್ಲಿಂದ ಮುಂದೆ ನನ್ನ ಕೆಲಸ ಇಷ್ಟೇ ಆಯಿತು. ಒಂದು ಸಭೆಯನ್ನು ಒಂದು ನಿಮಿಷ ಸುಮ್ಮನೆ ಕೂರಿಸುವುದು.

ಉಳಿದ ನಾಟಕವನ್ನು ಕಮಿಟಿಗೆ ಬೇಕಾದಂತೆಯೇ ಬರೆದೆ. ಸೂಟ್‌ಕೇಸು, ಕುಕ್ಕರು, ಕೊತ್ತಂಬರಿ ಸೊಪ್ಪು, ಕೊನೆಗೆ ಕನಸಿನ ಭಾಷಣ. ನಡುವೆ ಈ ದೃಶ್ಯ. ಅದರ ಕಟ್ಟಡ ಸರಳವಾಗಿತ್ತು. ವೇದಿಕೆಯ ಮೇಲೆ ಒಂದು ಗಲ್ಲಾ, ಒಬ್ಬನೇ ನಟ. ಫೋನಿನ ಆ ಕಡೆಯ ಮಾತು ಸಭೆಗೆ ಕೇಳುವುದಿಲ್ಲ, ಇವನ ಉತ್ತರ ಮಾತ್ರ. ಬಾಗಿಲಿನ ಗಂಟೆ ಟಿಂಗ್ ಎಂದರೆ ಒಬ್ಬ ಗಿರಾಕಿ ಬಂದ ಎಂದು ಅರ್ಥ, ಗಿರಾಕಿಯೂ ಕಾಣುವುದಿಲ್ಲ. ಹಾಗೆ ಮೂರು ಸಲ ಟಿಂಗ್. ಮೊದಲನೆಯ ಗಿರಾಕಿಯ ಹೊತ್ತಿಗೆ ಜನ ನಗಬಹುದು ಎಂದು ನನಗೆ ಗೊತ್ತಿತ್ತು. ಸಾವಿನ ಸುದ್ದಿ ಕೇಳುತ್ತ "ವಿಚ್ ಪಂಪ್ ಮೇಟ್?" ಎನ್ನುವುದು ಯಾರಿಗಾದರೂ ನಗು ತರಿಸುತ್ತದೆ. ನಗಲಿ. ಎರಡನೆಯ ಟಿಂಗ್‌ಗೆ ನಗು ಅಳುಕಬೇಕು, ಮೂರನೆಯದಕ್ಕೆ ತಮ್ಮ ನಗುವಿಗೆ ತಾವೇ ನಾಚಬೇಕು. ಆಮೇಲೆ ಫೋನಿಟ್ಟು ಖಾಲಿ ಅಂಗಡಿಯ ಎದುರು ಅಕ್ಕನ ಹೆಸರು. ಮೌನ. ದೀಪ ನಿಧಾನವಾಗಿ ಇಳಿಯುವುದು.

ಕಮಿಟಿಯವರು ಆ ಪಾತ್ರವನ್ನು ಡಾಕ್ಟರಿಗೆ ಕೊಟ್ಟರು. ಸಿಂದಗಿಯವನಿಗೆ ಗಂಟೆ ಬಾರಿಸುವ ಕೆಲಸ ಕೊಟ್ಟರು. ಅವನು ತಕರಾರು ಮಾಡಲಿಲ್ಲ. ಡಾಕ್ಟರು ಕೇಳಿದಾಗಲೆಲ್ಲ ತನ್ನ ಊರಿನ ಮಾತಿನ ಧಾಟಿಯನ್ನು ಹೇಳಿಕೊಟ್ಟ. ಅವರು ಅದನ್ನು ಟೇಪು ಮಾಡಿಕೊಂಡು ಕಾರಿನಲ್ಲಿ ಕೇಳುತ್ತ ಕಲಿತರು. ಕಲಿತದ್ದು ಚೆನ್ನಾಗಿಯೇ ಇತ್ತು. ಆದರೆ ಶೋ ಹತ್ತಿರ ಬಂದಂತೆ ಒಂದೊಂದೇ ಸೇರಿಸತೊಡಗಿದರು. ಹೆಗಲ ಮೇಲೆ ಟವೆಲು ಬಂತು, ಮೀಸೆ ತಿರುವುವುದು ಬಂತು, "ನಿಮ್ಮೌನ" ಎಂಬ ಬೈಗುಳ ಬಂತು.

"ಇದ್ಯಾಕೆ ಡಾಕ್ಟ್ರೇ? ಅಕ್ಕ ಸತ್ತಿದ್ದಾಳೆ," ಎಂದೆ.

"ಆಡಿಯೆನ್ಸ್‌ಗೆ ಒಂದು ರಿಲೀಫ್ ಬೇಕಲ್ವಾ ಮೇಡಂ? ಬರೀ ಗೋಳು ಆಗ್ಬಿಡುತ್ತೆ. ನಾರ್ತ್ ಕರ್ನಾಟಕ ಸ್ಲ್ಯಾಂಗ್ ಅಂದ್ರೆ ಜನ ಸ್ವಲ್ಪ ಎಕ್ಸ್‌ಪೆಕ್ಟ್ ಮಾಡ್ತಾರೆ."

ಮೆಲ್ಬರ್ನಿನ ಶೋದಲ್ಲಿ ಜನ ನಿರೀಕ್ಷಿಸಿದ್ದು ಅವರಿಗೆ ಸಿಕ್ಕಿತು. ಮೊದಲ ಟಿಂಗ್‌ಗೆ ನಕ್ಕರು, ಎರಡನೆಯದಕ್ಕೆ ಇನ್ನೂ ನಕ್ಕರು, ಮೂರನೆಯದಕ್ಕೆ ಚಪ್ಪಾಳೆ ತಟ್ಟಿದರು. ಡಾಕ್ಟರು ಅಕ್ಕನ ಹೆಸರನ್ನು ಎಳೆದು, ಮೂಗೊರೆಸಿಕೊಂಡು ಹೇಳಿದಾಗ ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಸಿಂದಗಿಯವನು ಪಕ್ಕದ ಪರದೆಯ ಮರೆಯಲ್ಲಿ ಗಂಟೆ ಹಿಡಿದುಕೊಂಡು ನಿಂತಿದ್ದ. ಗಂಟೆ ಒಂದು ಸಲವೂ ತಪ್ಪಲಿಲ್ಲ. ಶೋ ಮುಗಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತ, "ಡಾಕ್ಟರ್ ಸಾಹೇಬ್ರು ಚಲೋ ಮಾಡಿದ್ರರಿ," ಎಂದ. ಮುಖ ಕೆಂಪಾಗಿತ್ತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಕಾರಣ ಹಿಡಿದಿದ್ದೇನೆ ಎಂಬ ಧೈರ್ಯವೂ ಇತ್ತು. ತಪ್ಪು ದೃಶ್ಯದ್ದಲ್ಲ, ನಟನದ್ದು. ಕಲಿತ ಮಾತು, ಅಂಟಿಸಿಕೊಂಡ ಮೀಸೆ. ಸುಳ್ಳನ್ನು ಕಂಡು ಜನ ನಕ್ಕಿದ್ದಾರೆ. ನಿಜವಾದ ಮನುಷ್ಯ ನಿಜವಾದ ಮಾತಿನಲ್ಲಿ ನಿಂತರೆ ಯಾರು ನಗುತ್ತಾರೆ? ಸಿಡ್ನಿಯ ಶೋಗೆ ಡಾಕ್ಟರನ್ನು ತೆಗೆದು ಸಿಂದಗಿಯವನನ್ನು ಹಾಕುವುದೆಂದು ತೀರ್ಮಾನ ಮಾಡಿದೆ.

ಅಧ್ಯಕ್ಷರು ಮುಖ ಗಂಟು ಹಾಕಿಕೊಂಡರು. ಡಾಕ್ಟರ ಹೆಂಡತಿ ನನ್ನ ಜೊತೆ ಮಾತು ಬಿಟ್ಟರು. ಅವನಿಲ್ಲದಿದ್ದರೆ ನಾನೂ ಇಲ್ಲ ಎಂದೆ. ಸಿಡ್ನಿಯಲ್ಲಿ ಹಾಲ್ ಬುಕ್ ಆಗಿ, ಬ್ಯಾನರ್ ಕೂಡ ಪ್ರಿಂಟ್ ಆಗಿತ್ತು. ಬೇರೆ ದಾರಿಯಿಲ್ಲದೆ ಒಪ್ಪಿದರು. ಕೊನೆಯ ಕನಸಿನ ಭಾಷಣವನ್ನು ಡಾಕ್ಟರಿಗೆ ಕೊಟ್ಟು ಸಮಾಧಾನ ಮಾಡಿದ್ದಾಯಿತು. "ಆ ಹುಡುಗನಿಗೆ ಸ್ಟೇಜ್ ಅಂದ್ರೇನು ಅಂತಾನೇ ಗೊತ್ತಿಲ್ಲ," ಎಂದು ಎಲ್ಲರ ಎದುರು ಹೇಳಿಯೇ ಅವರು ಒಪ್ಪಿಕೊಂಡರು.

ಅವನಿಗೆ ಸ್ಟೇಜು ಗೊತ್ತಿರಲಿಲ್ಲ, ನಿಜ. ಮೊದಲ ರಿಹರ್ಸಲ್‌ನಲ್ಲಿ ಎರಡನೆಯ ಮಾತಿಗೇ ಅಳು ಬಂದು ನಿಲ್ಲಿಸಿಬಿಟ್ಟ. ಎರಡನೆಯ ದಿನ ಅಳು ಬರಬಾರದೆಂದು ಪಾಠ ಒಪ್ಪಿಸುವವನಂತೆ ಓದಿದ. ಆಗ ಅವನ ಕೈಗೆ ಕೆಲಸ ಕೊಟ್ಟೆ. "ಅಳೋದು, ಬಿಡೋದು ಯೋಚನೆ ಮಾಡ್ಬೇಡ. ನೀನು ದಿನಾ ಗಲ್ಲಾದಲ್ಲಿ ಏನು ಮಾಡ್ತೀಯೋ ಅದನ್ನೇ ಮಾಡು. ಬಟನ್ ಒತ್ತು, ಚಿಲ್ಲರೆ ಎಣಿಸು, ರಸೀದಿ ಹರಿ. ಮಾತು ತಾನಾಗಿ ಬರಲಿ." ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿಯಲು ಹೇಳಿದೆ, ಎರಡೂ ಕೈ ಬಿಡುವಾಗಿರಲಿ ಎಂದು. ಗಿರಾಕಿಗೆ ಹೇಳುವ ಮಾತಿಗೆ ಮುಖ ಎತ್ತಬೇಕು, ಭಾವನಿಗೆ ಹೇಳುವ ಮಾತಿಗೆ ಮುಖ ಇಳಿಸಬೇಕು, ಅಷ್ಟೇ ಅಭಿನಯ. ಟವೆಲು ಇಲ್ಲ, ಮೀಸೆ ಇಲ್ಲ, ಬಂಕಿನ ಅವನದೇ ಯೂನಿಫಾರ್ಮು. ಮಾತುಗಳನ್ನೂ ಕಡಿಮೆ ಮಾಡಿದೆ. ಎಲ್ಲಿ ನಗು ಹುಟ್ಟಬಹುದು ಅನ್ನಿಸಿತೋ ಅಲ್ಲೆಲ್ಲ ಕತ್ತರಿ ಹಾಕಿದೆ.

ಒಂದು ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ದೃಶ್ಯ ಕೂಡಿಬಂತು. ಅವನು ಮೂರನೆಯ ಗಿರಾಕಿಗೆ ಚಿಲ್ಲರೆ ಕೊಟ್ಟು, "ಥ್ಯಾಂಕ್ಯೂ, ಹ್ಯಾವ್ ಎ ಗುಡ್ ಡೇ," ಎಂದು, ಮುಖ ಇಳಿಸಿ, "ನೀವ ಮಣ್ಣ ಮಾಡ್ರಿ ಭಾವಾ, ನಾ ಬರಾಂಗಿಲ್ಲ," ಎಂದ. ಫೋನಿಟ್ಟ. ಅಕ್ಕನ ಹೆಸರು ಹೇಳಿದ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ತಟ್ಟೆಯನ್ನು ವಾಷಿಂಗ್ ಮೆಶಿನ್ನಿನ ಮೇಲಿಟ್ಟು, ಕಣ್ಣೊರೆಸಿಕೊಂಡು ಒಳಗೆ ಹೋದರು. ಮನೆಯೊಡತಿ ಬೆಂಗಳೂರಿನವರು. ನನಗೆ ಅಷ್ಟು ಸಾಕಾಯಿತು.

ಸಿಡ್ನಿಯಲ್ಲಿ ನಮ್ಮನ್ನು ಕ್ವೇಕರ್ಸ್ ಹಿಲ್ ಬಡಾವಣೆಯ ಮನೆಗಳಲ್ಲಿ ಇಬ್ಬಿಬ್ಬರಂತೆ ಉಳಿಸಿದ್ದರು. ಶೋ ಮಧ್ಯಾಹ್ನ, ಊಟವಾದ ಮೇಲೆ. ಹಾಲ್ ತುಂಬಿತ್ತು. ಬಿಸಿಬೇಳೆಬಾತು ತಿಂದು ಬಂದ ಜನ ರೇಷ್ಮೆ ಸೀರೆ ಸರಿಮಾಡಿಕೊಳ್ಳುತ್ತ, ಮಕ್ಕಳನ್ನು ಗದರಿಸುತ್ತ ಕೂತಿದ್ದರು. ಸೂಟ್‌ಕೇಸು, ಕುಕ್ಕರು ಎಲ್ಲ ಸರಾಗವಾಗಿ ನಡೆದವು. ನಮ್ಮ ದೃಶ್ಯದ ಸರದಿ ಬಂತು. ಈ ಸಲ ಪರದೆಯ ಮರೆಯಲ್ಲಿ ಗಂಟೆ ಹಿಡಿದು ನಿಂತವಳು ನಾನು.

ದೀಪ ಬಂತು. ಗಲ್ಲಾದ ಹಿಂದೆ ಯೂನಿಫಾರ್ಮಿನಲ್ಲಿ ಅವನು ನಿಂತಿದ್ದ. ಫೋನು ಹೊಡೆದುಕೊಂಡಿತು. ಅವನು ಕಿವಿಗೆ ಇಟ್ಟುಕೊಂಡು, "ಹಲೋ. ಹಾಂ ಭಾವಾ, ಹೇಳ್ರಿ," ಎಂದ.

ಸಭೆ ನಕ್ಕಿತು.

ಇನ್ನೂ ಏನೂ ಆಗಿರಲಿಲ್ಲ. ಗಿರಾಕಿ ಬಂದಿರಲಿಲ್ಲ, ಸುದ್ದಿ ಬಂದಿರಲಿಲ್ಲ. ಹೇಳ್ರಿ ಎಂದದ್ದೇ ತಡ, ಮುಂದೆ ಹಾಸ್ಯ ಬರುತ್ತಿದೆ ಎಂದು ಎಲ್ಲರೂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಆರಾಮಾಗಿ ಕೂತರು. ಆ ಧಾಟಿಯ ಮಾತನ್ನು ಅವರೆಲ್ಲ ಹುಟ್ಟಿದಂದಿನಿಂದ ನಾಟಕ, ಸಿನಿಮಾಗಳಲ್ಲಿ ಕೇಳಿದ್ದು ಆಳಿನ ಬಾಯಲ್ಲಿ, ಕುಡುಕನ ಬಾಯಲ್ಲಿ, ಪೆದ್ದನ ಬಾಯಲ್ಲಿ. ಸಾಯುವವರೂ ಸಾವಿಗೆ ಅಳುವವರೂ ಮೈಸೂರಿನ ಕನ್ನಡದಲ್ಲೇ ಅಳುತ್ತಿದ್ದರು. ಮೀಸೆ, ಟವೆಲು ತೆಗೆದು ನಾನು ಕಡಿದು ಹಾಕಿದ್ದು ಏನನ್ನು? ಏನನ್ನೂ ಅಲ್ಲ.

"ಯಾವಾಗ ಹೋದ್ಲ್ರಿ?" ಎಂದ ಅವನು. ನಗು. ನಾನು ಗಂಟೆ ಬಾರಿಸಿದೆ. "ವಿಚ್ ಪಂಪ್ ಮೇಟ್?" ದೊಡ್ಡ ನಗು. "ಇಲ್ರಿ ಭಾವಾ, ನಿಮಗಲ್ರಿ. ಮಣ್ಣು ಎಷ್ಟೊತ್ತಿಗಿ ಇಟ್ಟೀರಿ?" ಮುಂದಿನ ಸಾಲಿನಲ್ಲಿ ಒಬ್ಬರು "ಮಣ್ಣಂತೆ ಕಣೇ!" ಎಂದು ಹೆಂಡತಿಯ ತೋಳು ತಿವಿದು ನಕ್ಕರು. ಅವರ ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ ಅಮ್ಮನ ಕಡೆ ತಿರುಗಿ, "ಮಮ್, ವೈ ಈಸ್ ಹಿ ಸೋ ಸ್ಯಾಡ್?" ಎಂದು ಕೇಳಿದಳು. ಇಡೀ ಸಭೆಯಲ್ಲಿ ಸರಿಯಾಗಿ ನೋಡುತ್ತಿದ್ದವಳು ಅವಳೊಬ್ಬಳೇ. ಅವಳಿಗೆ ಕನ್ನಡ ಅರ್ಧಂಬರ್ಧ. "ಸ್ಯಾಡ್ ಅಲ್ಲ ಚಿನ್ನಾ, ಇಟ್ಸ್ ಕಾಮಿಡಿ," ಎಂದರು ಅಮ್ಮ.

ಅವನು ಪರದೆಯ ಕಡೆ ಒಮ್ಮೆ ನೋಡಿದ. ನಿಧಾನ, ಇನ್ನೂ ನಿಧಾನ ಎಂದು ಕೈಸನ್ನೆ ಮಾಡಿದೆ. ಅವನು ನಿಧಾನ ಮಾಡಿದ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಬಿಟ್ಟ. ಆ ಬಿಡುವುಗಳಲ್ಲಿ ಜನ ಮುಂದಿನ ಜೋಕಿಗೆ ಕಾದು ಕೂತರು, ಅವನು ಬಾಯಿ ತೆರೆದ ಕೂಡಲೇ ಬಿದ್ದು ಬಿದ್ದು ನಕ್ಕರು. ಎರಡನೆಯ ಗಂಟೆ ಬಾರಿಸಬಾರದು, ಇಲ್ಲಿಗೇ ಮುಗಿಸಬೇಕು ಅನ್ನಿಸಿತು. ದೀಪದವನಿಗೆ ಆರಿಸು ಎಂದು ಕೈ ಬೀಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ನನ್ನ ಕಡೆ ನೋಡಲೇ ಇಲ್ಲ.

ಆಗ ವೇದಿಕೆಯ ಮೇಲೆ ಇದ್ದವನು ಬದಲಾದ. ತಲೆ ಎತ್ತಿದ. ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಹಾರಿಸಿದ. ಹಲ್ಲು ಕಾಣುವಂತೆ ನಕ್ಕ. ನಾನು ಬಾರಿಸದ ಗಂಟೆಯನ್ನು ತಾನೇ ಬಾಯಲ್ಲಿ "ಟಿಂಗ್" ಎಂದು, "ಏ ತಡೀರಿ ಭಾವಾ, ಗಿರಾಕಿ ಬಂದಾನ. ಸತ್ತಾಕಿ ಎಲ್ಲಿ ಓಡಿ ಹೊಕ್ಕಾಳ್ರಿ? ಗ್ವಾಡಿಗಿ ಆನಿಸಿ ಕುಂದ್ರಸ್ರಿ!" ಎಂದ. ಅವರಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುವುದು ಪದ್ಧತಿ. ಹಾಲ್ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಇಲ್ಲದ ಗಿರಾಕಿಗಳು ಸಾಲುಗಟ್ಟಿ ಬಂದರು. ಒಬ್ಬನಿಗೆ ಚಿಲ್ಲರೆಯ ಬದಲು ಫೋನು ಕೊಟ್ಟ, ಭಾವನಿಗೆ "ಹ್ಯಾವ್ ಎ ಗುಡ್ ಡೇ" ಎಂದ. ಡಾಕ್ಟರು ಒಂದು ತಿಂಗಳು ಕಾರಿನಲ್ಲಿ ಕೂತು ಕಲಿತದ್ದು ಇವನ ಎದುರು ಏನೇನೂ ಅಲ್ಲ. ಅವನು ಹುಟ್ಟಾ ನಟ ಎಂದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಕೊನೆಗೆ ಫೋನಿಟ್ಟ. ಹೆಸರು ಹೇಳುವ ಜಾಗ. ಸಭೆ ನಕ್ಕು ನಕ್ಕು ಸುಸ್ತಾಗಿ, ಇನ್ನೇನು ಹೇಳುತ್ತಾನೋ ಎಂದು ಕಾಯುತ್ತಿತ್ತು. ಅವನು ಬಾಯಿ ತೆರೆದ. ಮುಚ್ಚಿದ. "ಫೋನಿನ ಚಾರ್ಜ್ ಮುಗೀತು ನೋಡ್ರಿ," ಎಂದು ಬಗ್ಗಿ ನಮಸ್ಕಾರ ಮಾಡಿದ. ಅಕ್ಕನ ಹೆಸರನ್ನು ಅವರ ಕೈಗೆ ಕೊಡಲಿಲ್ಲ. ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ.

ಗ್ರೀನ್ ರೂಮಿಗೆ ಜನ ನುಗ್ಗಿದರು. ಸಿಡ್ನಿಯ ಅಧ್ಯಕ್ಷರು, ಕೆಲ್ಲಿವಿಲ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ ಎಂಜಿನಿಯರು, ನನ್ನ ಕೈ ಕುಲುಕಿ, "ಏನ್ ಟೈಮಿಂಗ್ ಮೇಡಂ ಆ ಹುಡುಗಂದು! ಎಲ್ಲಿ ಹಿಡಿದ್ರಿ ಅವನನ್ನ?" ಎಂದರು.

"ಅದು ಕಾಮಿಡಿ ಅಲ್ಲ. ಅವನ ಅಕ್ಕ ನಿಜವಾಗಿಯೂ ಹಾಗೇ ಸತ್ತದ್ದು. ಅವನು ನಿಜವಾಗಿಯೂ ಗಲ್ಲಾದಲ್ಲಿ ನಿಂತು ಆ ಸುದ್ದಿ ಕೇಳಿದ್ದು," ಎಂದೆ. ಜೋರಾಗಿಯೇ ಹೇಳಿದೆ, ಸುತ್ತಲಿದ್ದವರಿಗೆಲ್ಲ ಕೇಳುವಂತೆ.

ಅವರು ನನ್ನ ಕೈ ಬಿಟ್ಟರು. ಆಮೇಲೆ, "ಹೌದಾ? ನೋಡಿ, ದುಃಖದಲ್ಲೂ ಹಾಸ್ಯ ಕಾಣೋದು ದೊಡ್ಡ ಗುಣ," ಎಂದರು. "ಯುಗಾದಿಗೆ ಇದೊಂದೇ ಐಟಂ ಸಪರೇಟಾಗಿ ಇಟ್ಕೊಳ್ಳೋಣ. ಸ್ವಲ್ಪ ಉದ್ದ ಮಾಡಿಸಿ."

ಅವನಿಗೆ ಅತ್ಯುತ್ತಮ ಹಾಸ್ಯನಟ ಎಂಬ ಕಪ್ಪು ಕೊಟ್ಟರು. ಕೊಟ್ಟವರು ಡಾಕ್ಟರೇ. ಯುವಕರು ಅವನ ಸುತ್ತ ನಿಂತು, ಸತ್ತಾಕಿ ಎಲ್ಲಿ ಓಡಿ ಹೊಕ್ಕಾಳ್ರಿ ಎಂಬ ಮಾತನ್ನು ಅವನಿಂದ ಮತ್ತೆ ಹೇಳಿಸಿ ಮೊಬೈಲಿನಲ್ಲಿ ಹಿಡಿದುಕೊಂಡರು. ಅವನು ಕೇಳಿದವರಿಗೆಲ್ಲ ಹೇಳಿದ. ಜನ ಕರಗಿದ ಮೇಲೆ ನಾನು ಅವನ ಪಕ್ಕ ಕೂತೆ. "ಯಾಕೋ ಹಾಗೆ ಮಾಡ್ದೆ?" ಎಂದೆ.

"ಹೆಂಗೂ ನಗತಿದ್ರಲ್ರಿ ಅಕ್ಕಾರ. ನಾ ಅತ್ತರೂ ನಗತಿದ್ರು. ಅದಕ್ಕ ನಾನ ನಗಿಸಿದೆ." ಕಪ್ಪನ್ನು ಬ್ಯಾಗಿನೊಳಗೆ ಬಟ್ಟೆಯ ಕೆಳಗೆ ತುರುಕುತ್ತಿದ್ದ. "ಅವರಾಗೇ ನಕ್ಕಿದ್ರ ಅಕಿಗಿ ನಕ್ಕಂಗ ಆಗ್ತಿತ್ತು. ಈಗ ನನಗ ನಕ್ಕಾರ."

ಡಿವಿಡಿ ಬರಲು ಕೆಲವು ವಾರ ಹಿಡಿಯಿತು. ಅವನು ಅದನ್ನು ಹಿಡಿದುಕೊಂಡು ಒಂದು ಶನಿವಾರ ನನ್ನ ಮನೆಗೆ ಬಂದ. ಭಾವನಿಗೆ ಕಳಿಸುತ್ತೇನೆಂದು ಆಗಲೇ ಮಾತು ಕೊಟ್ಟಿದ್ದ, ಅಲ್ಲಿ ದಿನಾ ಕೇಳುತ್ತಿದ್ದರು. ಹಳ್ಳಿಯಲ್ಲಿ ಓಣಿಯವರೆಲ್ಲ ಸೇರಿ ನೋಡುವುದೆಂದು ನಿಶ್ಚಯವಾಗಿತ್ತಂತೆ. "ಈ ನಗೂದು ಒಂದು ತೆಗೀಬಹುದೇನ್ರಿ?" ಎಂದು ಕೇಳಿದ.

ಕಂಪ್ಯೂಟರಿಗೆ ಹಾಕಿ ಕೂತೆ. ಸಿಡ್ನಿಯವರು ನಟರಿಗೆ ಮೈಕು ಹಾಕಿರಲಿಲ್ಲ. ಸಭೆಯ ನಡುವೆ ನಿಂತಿದ್ದ ಕ್ಯಾಮೆರಾದ ಮೈಕೇ ಎಲ್ಲವನ್ನೂ ಹಿಡಿದಿತ್ತು. ಅವನ ಮಾತೂ ಜನರ ನಗುವೂ ಒಂದೇ ದಾರದಲ್ಲಿ ಹೊಸೆದುಕೊಂಡಿದ್ದವು. ನಗುವನ್ನು ತಗ್ಗಿಸಿದರೆ ಅವನ ಮಾತೂ ತಗ್ಗುತ್ತಿತ್ತು. ತುಂಡು ತುಂಡು ಮಾಡಿ ನೋಡಿದೆ, ಮೇಲಿನ ಸ್ವರ ಇಳಿಸಿ, ಕೆಳಗಿನದು ಏರಿಸಿ ನೋಡಿದೆ. ಏನು ಮಾಡಿದರೂ ಮಾತಿನ ಹಿಂದೆ ನಗು ಇದ್ದೇ ಇತ್ತು.

"ಈ ದೃಶ್ಯವನ್ನೇ ಕತ್ತರಿಸಿ ಉಳಿದದ್ದು ಕಳಿಸೋಣ," ಎಂದೆ.

"ಉಳಿದದ್ದರಾಗ ನಾ ಎಲ್ಲಿ ಅದೀನ್ರಿ?" ಎಂದ. ಖಾಲಿ ಕವರನ್ನು ಕೈಯಲ್ಲಿ ತಿರುವುತ್ತ, "ಸೌಂಡ ಬಂದ್ ಮಾಡಿಬಿಡ್ರಿ. ಮಷೀನು ಕೆಟ್ಟಿತ್ತು ಅಂತ ಹೇಳ್ತೀನಿ. ಏನ್ ಮಾತಾಡೀನಿ ಅನ್ನೂದು ಫೋನಿನ್ಯಾಗ ಹೇಳಿದ್ರ ಆತು. ನೀವು ಬರದದ್ದು ನನಗ ಬಾಯಿಪಾಠ ಐತಲ್ರಿ," ಎಂದ.

ನನಗೂ ಅದೇ ಸರಿ ಅನ್ನಿಸಿತು. ಆ ದೃಶ್ಯದ ಧ್ವನಿಯನ್ನು ಪೂರ್ತಿ ತೆಗೆದುಹಾಕಿ ಹೊಸ ಡಿಸ್ಕು ಮಾಡಿದೆ. ಹಾಕಿ ನೋಡಿದೆವು. ಎಲ್ಲಿಯೂ ಒಂದು ಚೂರು ನಗು ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಆ ಸದ್ದಿನ ಜೊತೆ ಗುದ್ದಾಡಿದ ಮೇಲೆ ಆ ಮೌನವೇ ದೊಡ್ಡದಾಗಿ, ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳುತ್ತ ಕೂತೆವು. ಚಿತ್ರವನ್ನು ಇಬ್ಬರೂ ನೋಡಲಿಲ್ಲ ಎಂದೇ ಹೇಳಬೇಕು. ಅವನು ಸಮಾಧಾನದಿಂದ ಡಿಸ್ಕನ್ನು ಕವರಿಗೆ ಹಾಕಿಕೊಂಡು ಹೋಗಿ ಪೋಸ್ಟ್ ಮಾಡಿದ.

ತಿಂಗಳು ಕಳೆದಿರಬೇಕು. ಮಧ್ಯಾಹ್ನ ಪೆಟ್ರೋಲ್ ಹಾಕಿಕೊಳ್ಳಲು ಹೋದಾಗ ಗಲ್ಲಾದಲ್ಲಿ ಅವನೇ ಇದ್ದ. ಡಿಸ್ಕು ಮುಟ್ಟಿತಾ ಎಂದು ಕೇಳಿದೆ.

"ಮುಟ್ಟೇತ್ರಿ. ಎಲ್ಲಾರೂ ಕೂಡಿ ನೋಡ್ಯಾರ. ಅಕ್ಕನ ಫೋಟೋಕ್ಕ ಮಾಲಿ ಹಾಕಿ, ಟಿವಿ ಬಾಜೂಕ ಇಟ್ಟಿದ್ರಂತ."

"ಭಾವ ಏನಂದ್ರು?"

"ಅವ್ರು ಎದ್ದು ಹೊರಗ ಹೋದ್ರಂತ." ಅವನು ಗಲ್ಲಾದ ಮೇಲಿದ್ದ ಚ್ಯೂಯಿಂಗ್ ಗಮ್ಮಿನ ಪೊಟ್ಟಣಗಳನ್ನು ಸಾಲಾಗಿ ಜೋಡಿಸತೊಡಗಿದ. ಜೋಡಿಸಿದ್ದವನ್ನೇ ಮತ್ತೆ ಜೋಡಿಸಿದ. "ಅಕ್ಕನ ಮಗಳು ಫೋನ್ ಮಾಡಿದ್ಲ್ರಿ. ಸಣ್ಣಾಕಿ. ಮಾಮಾ, ಅವ್ವ ಸತ್ತ ಸುದ್ದಿ ಕೇಳಿ ನೀ ಯಾಕ ನಗಾಕತ್ತಿದ್ದಿ, ಅಂತ ಕೇಳಿದ್ಲು."

ನಾನು ಗಲ್ಲಾದ ಅಂಚಿಗೆ ಕೈ ಊರಿ ನಿಂತೆ. ಸಭೆಯ ನಗುವನ್ನೆಲ್ಲ ಅಳಿಸಿದ್ದೆವು. ಉಳಿದದ್ದು ಅವನೊಬ್ಬನ ಮುಖ, ಹಲ್ಲು ಕಾಣುವಂತೆ ನಗುತ್ತಿದ್ದದ್ದು.

"ನೀನೇನಂದೆ?"

"ಗಿರಾಕಿ ಬಂದಾನ, ಆಮ್ಯಾಲೆ ಮಾಡ್ತೀನಿ ಅಂದೆರಿ," ಎಂದ. "ಅಂಗಡ್ಯಾಗ ಯಾರೂ ಇರಲಿಲ್ಲ."